ಡೆಲ್ಲಿ ಸುದ್ದಿ ಎಲ್ಲ ಗೊತ್ತು, ಮನೆ ಪಕ್ಕದ ಮೋರಿ ಸುದ್ದಿ ಗೊತ್ತಿಲ್ಲ. ನೀವು ಊರಿನ ಸುದ್ದಿ ಎಲ್ಲಿಂದ ತಿಳಿದುಕೊಳ್ಳುತ್ತೀರಿ?

ಸ್ವರ್ಣಾ ದಂಡೆ, ಉಡುಪಿ ತಾಲೂಕು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ರಾಜಕೀಯ ಸುದ್ದಿ ತುಂಬಾ ನೋಡುವವನು. ಬೆಳಿಗ್ಗೆ ಚಾ ಕುಡಿಯುವಾಗ ಫೋನ್, ಊಟ ಆದ ಮೇಲೆ ಫೋನ್, ರಾತ್ರಿ ಯೂಟ್ಯೂಬಿನಲ್ಲಿ ಒಂದು ಚರ್ಚೆ ಮುಗಿಯುವ ಮೊದಲೇ ಇನ್ನೊಂದು ಬಂದು ಕೂತಿರುತ್ತದೆ. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ದಿನಕ್ಕೆ ಮೂರು ಗಂಟೆ ಇದರಲ್ಲೇ ಹೋಗುತ್ತಿತ್ತು. ಉತ್ತರ ಪ್ರದೇಶದ 80 ಸೀಟಿನಲ್ಲಿ ಎಲ್ಲಿ ಏನಾಗಬಹುದು ಅಂತ ನನ್ನ ಹತ್ತಿರ ಒಂದು ಲೆಕ್ಕ ಇತ್ತು. ಅದೇ ವರ್ಷ ಅಮೆರಿಕದ ಚುನಾವಣೆ ಬಂತು, ಪೆನ್ಸಿಲ್ವೇನಿಯಾಕ್ಕೆ 19 ಎಲೆಕ್ಟೋರಲ್ ವೋಟು ಅಂತ ಕೂಡ ಬಾಯಿಪಾಠ ಆಯಿತು. ಇದೆಲ್ಲ ತಿಳಿದಿರುವುದು ಒಬ್ಬ ನಾಗರಿಕನ ಕರ್ತವ್ಯ ಅಂತ ನಾನು ನಿಜವಾಗಿ ನಂಬಿದ್ದೆ.

ಈಗ ಆದದ್ದು ಕೇಳಿ. ನಮ್ಮ ಮನೆ ಪಕ್ಕದ ತೋಡಿಗೆ ಹೊಸ ಮೋರಿ ಹಾಕಲಿಕ್ಕೆ ಜೆಸಿಬಿ ಬಂತು. ಹಳೆಯದು ಕಲ್ಲಿನದ್ದು, ಬಾಯಿ ಅಗಲ. ಹೊಸದಕ್ಕೆ ತಂದು ಇಳಿಸಿದ್ದು ಎರಡು ಸಿಮೆಂಟ್ ಪೈಪು. ಆಟಿಯಲ್ಲಿ, ಅಂದರೆ ಜುಲೈ ಆಗಸ್ಟಿನ ತುಳು ತಿಂಗಳಲ್ಲಿ, ನಮ್ಮ ಮಳೆ ಹೇಗೆ ಬರುತ್ತದೆ ಅಂತ ನಿಮಗೆ ಗೊತ್ತಲ್ವಾ. ಆ ಎರಡು ಪೈಪಿನಲ್ಲಿ ಅಷ್ಟು ನೀರು ಹಿಡಿಯುವುದಿಲ್ಲ, ಮೇಲಿನ ಮೂರು ಮನೆಯವರ ಗದ್ದೆಗೆ ನುಗ್ಗುತ್ತದೆ. ಓಡಿ ಹೋಗಿ ಕೇಳಿದೆ. "ಇದು ಗ್ರಾಮಸಭೆಯಲ್ಲಿ ಪಾಸಾದದ್ದು, ಆಗ ಯಾರೂ ಜಾಸ್ತಿ ಏನೂ ಹೇಳಲಿಲ್ಲ" ಅಂದರು.

ಗ್ರಾಮಸಭೆ ಯಾವಾಗ ಆಯಿತು ಅಂತಲೇ ನನಗೆ ಗೊತ್ತಿರಲಿಲ್ಲ.

ಪಕ್ಕದ ಮನೆಯ ಅಕ್ಕನಿಗೆ ಗೊತ್ತಿತ್ತು. ಅವರು ಬೀಡಿ ಕಟ್ಟುತ್ತಾರೆ, ಒಂದು ದನ ಉಂಟು, ಕೈಯಲ್ಲಿ ಇರುವುದು ಬಟನ್ ಫೋನು. ಹಾಲಿನ ಸೊಸೈಟಿ ಗೋಡೆಗೆ ನೋಟಿಸ್ ಅಂಟಿಸಿದ್ದರಂತೆ. ಸಭೆಗೆ ಹೋಗಿದ್ದಾರೆ. ಮೋರಿಯ ವಿಷಯ ಬಂದಾಗ ಎದ್ದು ನಿಂತು ಪೈಪು ಸಾಲುವುದಿಲ್ಲ, ಅಗಲ ಬೇಕು ಅಂತ ಹೇಳಿದ್ದಾರೆ. ನಮ್ಮ ಕಡೆಯಿಂದ ಇದ್ದದ್ದು ಅವರೊಬ್ಬರೇ, ಇನ್ನು ಎರಡು ಜನ ದನಿ ಸೇರಿಸಿದ್ದರೆ ಕಥೆ ಬೇರೆ ಆಗುತ್ತಿತ್ತು. "ನೀವು ಓದಿದವರು, ಬಂದೇ ಬರುತ್ತೀರಿ ಅಂತ ಬಾಗಿಲು ನೋಡುತ್ತಾ ಕೂತಿದ್ದೆ" ಅಂದರು. ಆ ಮಾತು ಇನ್ನೂ ಒಳಗೆ ಕೂತಿದೆ.

ಮನೆಗೆ ಬಂದು ಆ ದಿನ ನಾನು ಎಲ್ಲಿದ್ದೆ ಅಂತ ನೋಡಿದೆ. ಯೂಟ್ಯೂಬಿನ ಹಿಸ್ಟರಿಯಲ್ಲಿ ಸಿಕ್ಕಿತು. ಬೆಳಿಗ್ಗೆ ಹನ್ನೊಂದರಿಂದ ಒಂದೂವರೆ ಗಂಟೆ ಒಂದು ರಾಜಕೀಯ ಚರ್ಚೆ ನೋಡಿದ್ದೇನೆ. ಸಭೆ ಇದ್ದದ್ದು ಹತ್ತೂವರೆಗೆ, ಮನೆಯಿಂದ ಏಳು ನಿಮಿಷದ ದಾರಿ.

ಹಾಗಾಗಿ ಕೇಳುತ್ತಿದ್ದೇನೆ. ಪಂಚಾಯತ್, ನಗರಸಭೆ, ಕುಡಿಯುವ ನೀರು, ರಸ್ತೆ, ಕಸ, ಇಂಥ ಸುದ್ದಿ ನೀವು ಎಲ್ಲಿಂದ ತಿಳಿದುಕೊಳ್ಳುತ್ತೀರಿ? ಎಲ್ಲ ಆ್ಯಪ್ ತೆಗೆದುಹಾಕಿ ಅಂತ ಹೇಳಬೇಡಿ, ಅದನ್ನು ಎರಡು ಸಲ ಮಾಡಿ ನೋಡಿದ್ದೇನೆ, ಹತ್ತು ದಿನದಲ್ಲಿ ವಾಪಸ್ ಬಂದಿದೆ. ದೊಡ್ಡ ಸುದ್ದಿಯನ್ನೂ ಪೂರ್ತಿ ಬಿಡಲಿಕ್ಕೆ ಮನಸ್ಸಿಲ್ಲ. ಎರಡನ್ನೂ ಹೇಗೆ ಇಟ್ಟುಕೊಳ್ಳುವುದು?

ಕೊಟ್ಟಾರ, ಮಂಗಳೂರು

ನಿಮ್ಮದನ್ನು ಎರಡು ಸಲ ಓದಿದೆ. ತಪ್ಪೆಲ್ಲ ನಿಮ್ಮದೇ ಅನ್ನುವ ಹಾಗೆ ಬರೆದಿದ್ದೀರಿ, ಅದನ್ನು ನಾನು ಒಪ್ಪುವುದಿಲ್ಲ. ನಾನು ಇಪ್ಪತ್ತು ವರ್ಷದಿಂದ ವೆಬ್‌ಸೈಟ್ ಮಾಡುವ ಕೆಲಸದಲ್ಲಿದ್ದೇನೆ, ಇದರ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಗೊತ್ತು.

ಮೊದಲು ಟ್ವಿಟರ್, ಇನ್‌ಸ್ಟಾಗ್ರಾಂ ಎರಡರಲ್ಲೂ ಹೊಸದು ಮೇಲೆ, ಹಳೆಯದು ಕೆಳಗೆ ಬರುತ್ತಿತ್ತು. 2016ರಲ್ಲಿ ಎರಡೂ ಆ ಕ್ರಮ ಬಿಟ್ಟವು. ಫೇಸ್‌ಬುಕ್ ಅದಕ್ಕೂ ಮೊದಲೇ ಬಿಟ್ಟಿತ್ತು. ಈಗ ಯಾವುದರ ಎದುರು ಜನ ಜಾಸ್ತಿ ಹೊತ್ತು ನಿಲ್ಲುತ್ತಾರೋ, ಯಾವುದಕ್ಕೆ ಜಾಸ್ತಿ ಸಿಟ್ಟು, ಕಾಮೆಂಟ್ ಬರುತ್ತದೋ ಅದು ಮೇಲೆ. ನಿಮ್ಮ ಮೋರಿಯ ಸುದ್ದಿ ಬೇಕಾಗುವುದು ಎಷ್ಟು ಜನಕ್ಕೆ? ಒಂದು ವಾರ್ಡಿನ ನಾನೂರು ಐನೂರು ಜನಕ್ಕೆ. ಡೆಲ್ಲಿಯಲ್ಲಿ ಯಾರೋ ಯಾರಿಗೋ ಬೈದದ್ದನ್ನು ಕೋಟಿ ಜನ ನೋಡುತ್ತಾರೆ. ಈ ಲೆಕ್ಕದಲ್ಲಿ ನಿಮ್ಮ ತೋಡು ಯಾವತ್ತೂ ಮೇಲೆ ಬರುವುದಿಲ್ಲ. ಅದು ನಿಮ್ಮ ಮನೆಗೆ ಎಷ್ಟು ಹತ್ತಿರ ಅನ್ನುವುದನ್ನು ಆ ಲೆಕ್ಕ ನೋಡುವುದೇ ಇಲ್ಲ.

ನಾನು ಮಾಡುವುದು ಹಳೆಯ ಕ್ರಮ. ಫೀಡ್ ಓದುತ್ತೇನೆ. ರಿಯಲಿ ಸಿಂಪಲ್ ಸಿಂಡಿಕೇಶನ್ ಅಂತ ಅದರ ಪೂರ್ತಿ ಹೆಸರು, ಚುಟುಕು ಹೆಸರು ಹೇಳಿದರೆ ನಮ್ಮೂರಲ್ಲಿ ಬೇರೆಯೇ ಅರ್ಥ ಬರುತ್ತದೆ, ಅದಕ್ಕೆ ಫೀಡ್ ಅಂತಲೇ ಹೇಳುತ್ತೇನೆ. ಒಂದು ವೆಬ್‌ಸೈಟ್ ತಾನು ಹೊಸದಾಗಿ ಹಾಕಿದ ಬರಹಗಳ ಪಟ್ಟಿಯನ್ನು ಒಂದು ಸಣ್ಣ ಕಡತದಲ್ಲಿ ಇಟ್ಟಿರುತ್ತದೆ. ಫೋನಿನ ಫೀಡ್ ರೀಡರ್ ಆಗಾಗ ಹೋಗಿ ಆ ಪಟ್ಟಿ ನೋಡಿಕೊಂಡು ಬರುತ್ತದೆ. ಅಷ್ಟೇ ಕೆಲಸ. ಯಾವ ಸೈಟ್ ಬೇಕು ಅಂತ ಆರಿಸುವುದು ನೀವು, ಬರುವುದು ಸಮಯದ ಕ್ರಮದಲ್ಲಿ. ಎಲ್ಲದಕ್ಕಿಂತ ಒಳ್ಳೆಯದು, ಅದು ಮುಗಿಯುತ್ತದೆ. ಇವತ್ತಿನದ್ದು ಓದಿ ಆಯಿತು ಅಂದರೆ ಆಯಿತು, ಕೆಳಗೆ ಇನ್ನೇನೂ ಇಲ್ಲ. ವರ್ಡ್‌ಪ್ರೆಸ್‌ನಲ್ಲಿ ಮಾಡಿದ ಸೈಟ್ ಆದರೆ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ ಫೀಡ್ ಅಂತ ಇಂಗ್ಲಿಷಿನಲ್ಲಿ ಬರೆದರೆ ಸಾಮಾನ್ಯವಾಗಿ ಸಿಗುತ್ತದೆ. ಯೂಟ್ಯೂಬ್ ಚಾನಲ್‌ಗಳಿಗೂ ಫೀಡ್ ಉಂಟು. ಪಾಡ್‌ಕಾಸ್ಟ್ ಈಗಲೂ ನಡೆಯುವುದು ಇದರ ಮೇಲೆಯೇ.

ಗೂಗಲ್ ರೀಡರ್ ಅಂತ ಒಂದು ಇತ್ತು. ದಿನಾ ಬೆಳಿಗ್ಗೆ ಅದರಲ್ಲಿ ಕನ್ನಡ ಬ್ಲಾಗುಗಳನ್ನು ಓದುತ್ತಿದ್ದೆ. 2013ರ ಜುಲೈ 1ಕ್ಕೆ ಮುಚ್ಚಿದರು. ಬಹಳ ಜನ ಅಲ್ಲಿಗೇ ಈ ಅಭ್ಯಾಸ ಬಿಟ್ಟರು, ನನಗೆ ಈಗಲೂ ಅದರ ಬೇಸರ ಉಂಟು. ಆದರೆ ತಂತ್ರಜ್ಞಾನ ಹೋಗಿಲ್ಲ, ಬೇರೆ ರೀಡರ್‌ಗಳು ಇವೆ, ಎಷ್ಟೋ ಉಚಿತ.

ಒಂದು ಮಾತು ಮಾತ್ರ ನೇರ ಹೇಳಬೇಕು. ನಿಮ್ಮ ಗ್ರಾಮಸಭೆಯ ನೋಟಿಸ್ ಫೀಡಿನಲ್ಲಿ ಬರುವುದಿಲ್ಲ. ಅದು ಸೊಸೈಟಿ ಗೋಡೆಯಲ್ಲೇ ಇರುತ್ತದೆ.

ಮಾಜಿ ಬಿಡಿ ವರದಿಗಾರ್ತಿ, ಮಂಗಳೂರು

ಕೊಟ್ಟಾರದವರು ಜುಲೈ 1 ಅಂದದ್ದು ನೋಡಿ ಬರೆಯಬೇಕು ಅನಿಸಿತು. ನಮಗೆ ಅದು ಪತ್ರಿಕಾ ದಿನ. 1843ರ ಜುಲೈ 1ರಂದು ಇದೇ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಮಂಗಳೂರ ಸಮಾಚಾರ ತಂದರು. ಕನ್ನಡದ ಮೊದಲ ಪತ್ರಿಕೆ. ಅದರಲ್ಲಿ ಸರ್ಕಾರದ ಆದೇಶ ಇತ್ತು, ದೂರದ ರಾಜ್ಯಗಳ ಸುದ್ದಿ ಇತ್ತು, ಊರಿನ ವರ್ತಮಾನವೂ ಇತ್ತು. ಈ ಮೂರೂ ಒಂದೇ ಹಾಳೆಯಲ್ಲಿ ಇರಬೇಕು ಅಂತ ಅವರಿಗೆ ಅಷ್ಟು ಹಿಂದೆಯೇ ಹೊಳೆದಿತ್ತು.

ನಾನು ಹನ್ನೊಂದು ವರ್ಷ ಬಿಡಿ ವರದಿಗಾರ್ತಿ ಆಗಿದ್ದೆ. ಸಂಬಳ ಇಲ್ಲ, ಅಚ್ಚಾದ ಸುದ್ದಿಯನ್ನು ಅಳತೆ ಮಾಡಿ ದುಡ್ಡು. ಒಂದು ಗ್ರಾಮಸಭೆಗೆ ಹೋದರೆ ಅರ್ಧ ದಿನ ಹೋಯಿತು, ಬಸ್ಸಿನ ಖರ್ಚು ನಮ್ಮದೇ, ಪೇಪರಿನಲ್ಲಿ ಬರುವುದು ನಾಲ್ಕು ಇಂಚು. ಆ ನಾಲ್ಕು ಇಂಚಿಗೆ ಬರುವ ದುಡ್ಡಿನಲ್ಲಿ ಬಸ್ಸಿನ ಖರ್ಚೂ ಹುಟ್ಟುತ್ತಿರಲಿಲ್ಲ. ಆದರೂ ಹೋಗುತ್ತಿದ್ದೆ, ಯಾಕೆಂದರೆ ವರದಿಗಾರರು ಒಬ್ಬರು ಪೆನ್ನು ಹಿಡಿದು ಕೂತಿದ್ದರೆ ಸಭೆ ನಡೆಯುವ ರೀತಿಯೇ ಬೇರೆ. ಉತ್ತರ ಕೊಡುವವರು ಎರಡು ಸಲ ಯೋಚನೆ ಮಾಡುತ್ತಾರೆ. ನಾನು ಬಿಟ್ಟ ಮೇಲೆ ನನ್ನ ಆ ಊರುಗಳಿಗೆ ಇನ್ನೊಬ್ಬರು ಬರಲಿಲ್ಲ. ಈಗ ಪತ್ರಿಕಾ ಪ್ರಕಟಣೆ ವಾಟ್ಸಾಪಿನಲ್ಲಿ ಬರುತ್ತದೆ, ಅದೇ ಅಚ್ಚಾಗುತ್ತದೆ. ಎದ್ದು ನಿಂತು ಪ್ರಶ್ನೆ ಕೇಳಿದ ನಿಮ್ಮ ಅಕ್ಕನಂಥವರ ಮಾತು ಪ್ರಕಟಣೆಯಲ್ಲಿ ಇರುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜಾರಿ ಕೆಳಗಿನ ಮಂದಾರಕ್ಕೆ ಬಂತು. ಗುಡ್ಡ ಬಿದ್ದ ಹಾಗೆ ಒಂದೇ ಸಲ ಅಲ್ಲ, ದಿನ ದಿನವೂ ಸ್ವಲ್ಪ ಸ್ವಲ್ಪ ಮುಂದೆ ಬಂತು. ಅಡಿಕೆ ಮರಗಳು ಕಸದ ಒಳಗೆ ಹೋದವು, ಮನೆಗಳು ಹೋದವು, ಜನ ಹುಟ್ಟಿ ಬೆಳೆದ ಜಾಗ ಬಿಟ್ಟು ಹೊರಟರು. ಅದೇ ತಿಂಗಳು 370ನೇ ವಿಧಿಯ ತೀರ್ಮಾನ ಆಗಿತ್ತು, ಟಿವಿ ತುಂಬಾ ಕಾಶ್ಮೀರ. ಅದು ದೊಡ್ಡ ಸುದ್ದಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಮಂಗಳೂರಿನವರೇ ಎಷ್ಟೋ ಜನ ಮಂದಾರದ ಬಗ್ಗೆ ವಾರ ಕಳೆದ ಮೇಲೆ ನನ್ನ ಹತ್ತಿರ ಕೇಳಿದರು, ಹೌದಾ, ಎಲ್ಲಿ ಅದು ಅಂತ. ಅದು ಅವರ ಮನೆಯಿಂದಲೇ ಹೋದ ಕಸ.

ನನ್ನ ಸಲಹೆ ಇಷ್ಟು. ಕಾಗದದ ಪೇಪರ್ ಒಂದು ಹಾಕಿಸಿ, ಉಡುಪಿ ಆವೃತ್ತಿಯದ್ದು. ಮುಖಪುಟ ಬಿಟ್ಟು ಒಳಗಿನ ಜಿಲ್ಲೆಯ ಪುಟದಿಂದ ಶುರು ಮಾಡಿ. ಸಣ್ಣ ಅಕ್ಷರದ ಪ್ರಕಟಣೆ, ಟೆಂಡರ್, ನಾಳೆ ಕರೆಂಟ್ ಇಲ್ಲ, ನೀರು ಇಲ್ಲ, ಇದನ್ನೆಲ್ಲ ಓದಿ. ಏಪ್ರಿಲ್ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಲ್ಲಿ ಎಷ್ಟು ನೀರು, ನಿಮ್ಮ ಬಜೆ ಅಣೆಕಟ್ಟಿನಲ್ಲಿ ಎಷ್ಟು ನೀರು ಅಂತ ಬರುತ್ತದಲ್ಲ, ನನ್ನ ಪ್ರಕಾರ ಅದಕ್ಕಿಂತ ಮುಖ್ಯ ರಾಜಕೀಯ ಸುದ್ದಿ ಆ ತಿಂಗಳಲ್ಲಿ ಇನ್ನೊಂದಿಲ್ಲ.

ಮೋರಿಯ ವಿಷಯಕ್ಕೆ: ಸಭೆಯ ನಡಾವಳಿ ಕೇಳಿ. ಅಕ್ಕ ಹೇಳಿದ್ದು ಬರೆದಿದ್ದಾರಾ ನೋಡಿ. ಬಾಯಿಮಾತಿನಲ್ಲಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ, 30 ದಿನದ ಒಳಗೆ ಉತ್ತರ ಕೊಡಬೇಕು. ಅಂದಾಜು ಪಟ್ಟಿಯನ್ನೂ ಕೇಳಿ, ಪೈಪಿನ ಅಳತೆ ಅದರಲ್ಲಿ ಇರುತ್ತದೆ.

ಕಾಪುವಿನವನು, ಈಗ ಬಹರೈನ್

ಇಲ್ಲಿ ಎಲ್ಲರೂ ಫೋನಿನ ತಪ್ಪು ಅನ್ನುವ ಹಾಗೆ ಬರೆಯುತ್ತಿದ್ದೀರಿ. ಹದಿನಾಲ್ಕು ವರ್ಷದಿಂದ ಹೊರಗಿದ್ದೇನೆ ಮಾರಾಯ್ರೆ, ನನಗೆ ಊರು ಅಂದರೆ ಫೋನೇ. ಸೊಸೈಟಿ ಗೋಡೆ ನೋಡಲಿಕ್ಕೆ ನಾನು ಎಲ್ಲಿಂದ ಬರಲಿ?

2019ರ ಡಿಸೆಂಬರಿನಲ್ಲಿ ಗಲಾಟೆ, ಗೋಲಿಬಾರ್ ಆಗಿ ಮಂಗಳೂರಿನಲ್ಲಿ ಇಂಟರ್ನೆಟ್ ನಿಲ್ಲಿಸಿದ್ದರು. ಹೆಂಡತಿ ಮಕ್ಕಳು ಆಗ ಮಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದರು. ದಿನಾ ವಾಟ್ಸಾಪಿನಲ್ಲಿ ಮಾತಾಡುವ ಅಭ್ಯಾಸ, ಒಮ್ಮೆಗೇ ಎಲ್ಲ ನಿಂತಿತು. ಸಾದಾ ಫೋನ್ ಹಚ್ಚಿದರೆ ಲೈನ್ ಸಿಗಲಿಲ್ಲ. ಆ ರಾತ್ರಿ ನಾನು ನಿದ್ದೆ ಮಾಡಿಲ್ಲ. ಇಂಟರ್ನೆಟ್ ಅಂದರೆ ಏನು ಅಂತ ನನಗೆ ಅವತ್ತು ಗೊತ್ತಾಯಿತು.

ನಮ್ಮ ಊರಿನ ಗುಂಪು ಒಂದುಂಟು. ಇನ್ನೂರ ಹತ್ತು ಜನ, ಎಲ್ಲ ಜಾತಿ, ಎಲ್ಲ ಧರ್ಮ, ಎಲ್ಲ ಪಕ್ಷದವರು. ಮೊದಲೆಲ್ಲ ಬರೀ ಫಾರ್ವರ್ಡು, ಜಗಳ. ನನ್ನ ಸ್ವಂತ ಭಾವ ನನ್ನ ಹತ್ತಿರ ಒಂದೂವರೆ ವರ್ಷ ಮಾತು ಬಿಟ್ಟರು, ಯಾವುದೋ ರಾಜ್ಯದ ಯಾವುದೋ ವಿಡಿಯೊ ವಿಷಯಕ್ಕೆ. ಆಮೇಲೆ ಗೊತ್ತಾಯಿತು, ಆ ವಿಡಿಯೊ ನಮ್ಮ ದೇಶದ್ದೇ ಅಲ್ಲ.

ಆಮೇಲೆ ನಾವು ನಾಲ್ಕು ಜನ ಕೂತು ಒಂದೇ ನಿಯಮ ಮಾಡಿದೆವು. ನಮ್ಮ ಗ್ರಾಮದ ಗಡಿಯ ಒಳಗೆ ಆದದ್ದು ಮಾತ್ರ ಹಾಕಬೇಕು, ಹಾಕುವವರು ಅದನ್ನು ಸ್ವತಃ ಕಂಡಿರಬೇಕು. ಎರಡು ಬಾಣದ ಗುರುತು ಇದ್ದರೆ, ಅಂದರೆ ಕಡಿಮೆ ಅಂದರೂ ಐದು ಕೈ ದಾಟಿ ಬಂದದ್ದಾದರೆ, ತೆಗೆಯುತ್ತೇವೆ, ಯಾರೇ ಹಾಕಿರಲಿ. ಈ ಗುರುತು ಸುಮ್ನೆ ಬಂದದ್ದಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಒಂದು ವದಂತಿ ಹಬ್ಬಿ ದೇಶದಲ್ಲಿ ಎಷ್ಟೋ ಜೀವ ಹೋಯಿತು, ನಮ್ಮ ಬೀದರ್ ಜಿಲ್ಲೆಯಲ್ಲೂ ಒಬ್ಬರನ್ನು ಹೊಡೆದು ಕೊಂದರು. ಆ ಹೊತ್ತಿನಲ್ಲೇ ಫಾರ್ವರ್ಡ್ ಅಂತ ಗುರುತು ಬಂದದ್ದು, ಒಂದು ಸಲಕ್ಕೆ ಐದೇ ಕಡೆಗೆ ಅಂತ ಮಿತಿ ಬಂದದ್ದು. 2020ರಲ್ಲಿ ತುಂಬಾ ಸುತ್ತಿದ ಮೆಸೇಜಿಗೆ ಒಂದೇ ಕಡೆ ಅಂತ ಮಾಡಿದರು.

ಶುರುವಿನಲ್ಲಿ ಮೂವತ್ತು ಜನ ಗುಂಪು ಬಿಟ್ಟರು. ಈಗ ಅವರಲ್ಲಿ ಹೆಚ್ಚಿನವರು ವಾಪಸ್ ಬಂದಿದ್ದಾರೆ. ಯಾವ ಕಂಬದ ದೀಪ ಹೋಗಿದೆ, ಯಾರಿಗೆ ರಕ್ತ ಬೇಕು, ಗ್ರಾಮಸಭೆ ಯಾವತ್ತು, ಎಲ್ಲ ಬರುತ್ತದೆ. ನೋಟಿಸಿನ ಫೋಟೊ ತೆಗೆದು ಹಾಕುವ ಕೆಲಸ ಒಬ್ಬ ಕಾಲೇಜು ಹುಡುಗಿಗೆ ಕೊಟ್ಟಿದ್ದೇವೆ, ವಾರಕ್ಕೆ ಎರಡು ಸಲ ಪಂಚಾಯತ್ ಬೋರ್ಡ್ ನೋಡಿಕೊಂಡು ಬರುತ್ತಾಳೆ. ಭಾವ ಈಗ ಆ ಗುಂಪಿನ ಅಡ್ಮಿನ್.

ನಿವೃತ್ತ ಬ್ಯಾಂಕ್ ನೌಕರ, ಅಂಬಲಪಾಡಿ

ಎಲ್ಲರ ಮಾತೂ ಸರಿ, ಆದರೆ ಡೆಲ್ಲಿ ಸುದ್ದಿ ನಮಗೆ ಸಂಬಂಧ ಇಲ್ಲದ್ದು ಅನ್ನುವ ಕಡೆಗೆ ಮಾತು ಹೋಗುವುದು ಬೇಡ. 1906ರಲ್ಲಿ ಇದೇ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್ ಹುಟ್ಟಿತು, 1925ರಲ್ಲಿ ಸಿಂಡಿಕೇಟ್. ಮಂಗಳೂರಿನಲ್ಲಿ 1931ರಲ್ಲಿ ವಿಜಯಾ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನ ಒಳಗೆ ಹೋಯಿತು. ಸರಿಯಾಗಿ ಒಂದು ವರ್ಷಕ್ಕೆ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ. ನಮ್ಮ ಊರಿನ ಮೂರು ಹೆಸರು ಬೋರ್ಡಿನಿಂದ ಇಳಿಯಿತು, ತೀರ್ಮಾನ ಆದದ್ದು ಡೆಲ್ಲಿಯಲ್ಲಿ. ಅದರ ಬಗ್ಗೆ ನಮ್ಮ ಜನ ಎಷ್ಟು ಮಾತಾಡಿದರು? ಅದೂ ದೊಡ್ಡ ಸುದ್ದಿಯೇ ಆಗಿತ್ತಲ್ವಾ. ಚರ್ಚೆ ನೋಡುತ್ತಿದ್ದವರು ಆ ಹೊತ್ತಿನಲ್ಲಿ ಬೇರೆ ಏನನ್ನೋ ನೋಡುತ್ತಿದ್ದರು.

ಹಾಗಾಗಿ ಊರು, ಡೆಲ್ಲಿ ಅಂತ ಎರಡು ಭಾಗ ಮಾಡಬೇಡಿ. ನನ್ನ ಕ್ರಮ ಹೇಳುತ್ತೇನೆ. ಆಕಾಶವಾಣಿಯ ಬೆಳಗಿನ ವಾರ್ತೆ ಒಂದು, ಪೇಪರ್ ಒಂದು. ಸುದ್ದಿ ಓದಿ ಆದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ, ಇದರಿಂದ ನನ್ನ ಪರಿಚಯದವರಲ್ಲಿ ಯಾರಿಗೆ ಏನಾಗುತ್ತದೆ? ಒಬ್ಬರಾದರೂ ನೆನಪಿಗೆ ಬಂದರೆ ಅದರ ಬಗ್ಗೆ ಇನ್ನಷ್ಟು ಓದುತ್ತೇನೆ. ಬರದಿದ್ದರೆ ಪುಟ ತಿರುಗಿಸುತ್ತೇನೆ. ಚರ್ಚೆ ಕಾರ್ಯಕ್ರಮ ನೋಡುವುದನ್ನು ಬಿಟ್ಟು ಆರು ವರ್ಷ ಆಯಿತು, ಯಾವ ಮುಖ್ಯ ವಿಷಯವೂ ತಪ್ಪಿಹೋದ ಹಾಗೆ ನನಗೆ ಕಂಡಿಲ್ಲ.

ಕೊಟ್ಟಾರ, ಮಂಗಳೂರು

ಅಂಬಲಪಾಡಿಯವರ ಪ್ರಶ್ನೆ ಬರೆದಿಟ್ಟುಕೊಂಡೆ ಸರ್.

ಇನ್ನೊಂದು ಸೇರಿಸುತ್ತೇನೆ. ಇದು ಹಳ್ಳಿಯ ವಿಷಯ ಮಾತ್ರ ಅಲ್ಲ. ಮಂಗಳೂರು ಪಾಲಿಕೆಗೆ 60 ವಾರ್ಡ್. 2019ರ ನವೆಂಬರಿನಲ್ಲಿ ಚುನಾವಣೆ ಆಗಿತ್ತು, 2025ರ ಫೆಬ್ರವರಿಯಲ್ಲಿ ಸದಸ್ಯರ ಅವಧಿ ಮುಗಿಯಿತು, ಆಡಳಿತಾಧಿಕಾರಿ ಬಂದರು. ಅದಕ್ಕೆ ಹತ್ತು ತಿಂಗಳ ಮೊದಲು ಲೋಕಸಭೆ ಚುನಾವಣೆ ಆಗಿತ್ತು. ನಮ್ಮ ಜಿಲ್ಲೆಯಲ್ಲಿ ಶೇಕಡಾ 77ಕ್ಕಿಂತ ಜಾಸ್ತಿ ಮತದಾನ, ಎಲ್ಲರ ಬಾಯಲ್ಲೂ ರಾಜಕೀಯ. ಪಾಲಿಕೆಯ ಅವಧಿ ಮುಗಿದ ಮೇಲೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹದಿನೈದು ಜನರ ಹತ್ತಿರ ಕೇಳಿದೆ, ನಮ್ಮ ವಾರ್ಡಿಗೆ ಈಗ ಕಾರ್ಪೊರೇಟರ್ ಯಾರು ಅಂತ. ಯಾರೂ ಇಲ್ಲ ಅನ್ನುವುದು ಇಬ್ಬರಿಗೆ ಗೊತ್ತಿತ್ತು.

ಸ್ವರ್ಣಾ ದಂಡೆ, ಉಡುಪಿ ತಾಲೂಕು

ಎಲ್ಲರಿಗೂ ತುಂಬಾ ಧನ್ಯವಾದ. ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ, ಸುಮ್ನೆ ಕೂತಿರಲಿಲ್ಲ.

ವರದಿಗಾರ್ತಿ ಅಕ್ಕ ಹೇಳಿದ ಹಾಗೆ ಪಂಚಾಯತಿಗೆ ಹೋಗಿ ನಡಾವಳಿ ಕೇಳಿದೆ. ಅರ್ಜಿ ಹಾಕುವವರೆಗೆ ಹೋಗಬೇಕಾಗಲಿಲ್ಲ, ಪುಸ್ತಕ ತೆಗೆದು ತೋರಿಸಿದರು. ಪಕ್ಕದ ಮನೆ ಅಕ್ಕನ ಹೆಸರು ಉಂಟು, ಮೋರಿ ಅಗಲ ಸಾಲದು ಅಂತ ಹೇಳಿದ್ದೂ ಒಂದು ಸಾಲಿನಲ್ಲಿ ಉಂಟು. ಪಿಡಿಒ ಅವರಿಗೆ ಅದನ್ನು ತೋರಿಸಿ, ಮೇಲಿನ ಮೂರು ಮನೆಯವರ ಸಹಿ ಹಾಕಿಸಿದ ಮನವಿ ಕೊಟ್ಟಿದ್ದೇನೆ. ಇಂಜಿನಿಯರ್ ಬಂದು ಒಮ್ಮೆ ನೋಡಲಿ, ಅಲ್ಲಿಯವರೆಗೆ ಪೈಪ್ ಹೂಳುವುದಿಲ್ಲ ಅಂದಿದ್ದಾರೆ. ಮಳೆಗೆ ಮೊದಲು ಬರುತ್ತಾರಾ ಗೊತ್ತಿಲ್ಲ. ಸೋಮವಾರ ಮತ್ತೆ ಹೋಗುತ್ತೇನೆ. ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಜಾಸ್ತಿ ಆಗಬಾರದು ಅಂತ ಕಾನೂನಿನಲ್ಲಿ ಉಂಟಂತೆ, ಅದಕ್ಕೆ ಮೊದಲು ವಾರ್ಡ್ ಸಭೆ ಬೇರೆ. ಅದೂ ನನಗೆ ಗೊತ್ತಿರಲಿಲ್ಲ.

ಪೇಪರ್ ಹಾಕುವ ಹುಡುಗನಿಗೆ ಹೇಳಿದ್ದೇನೆ, ಒಂದನೇ ತಾರೀಕಿನಿಂದ ಬರುತ್ತದೆ. ರಾತ್ರಿ ಚರ್ಚೆ ನೋಡುವುದು ಪೂರ್ತಿ ನಿಂತಿಲ್ಲ, ನಿನ್ನೆಯೂ ಮುಕ್ಕಾಲು ಗಂಟೆ ನೋಡಿದೆ.

ಕಾಪುವಿನ ಅಣ್ಣ, ನಿಮ್ಮ ಗುಂಪಿನ ನಿಯಮ ನೀವು ಬರೆದ ಹಾಗೇ ಇಲ್ಲಿ ಹಾಕಲಿಕ್ಕೆ ಆಗುತ್ತದಾ? ನಮ್ಮ ವಾರ್ಡಿಗೆ ಒಂದು ಮಾಡಬೇಕು ಅಂತ ಇಬ್ಬರ ಹತ್ತಿರ ಮಾತಾಡಿದ್ದೇನೆ. ಒಂದು ಕಷ್ಟ ಏನೆಂದರೆ ಬಟನ್ ಫೋನ್ ಇರುವವರು ನಮ್ಮಲ್ಲಿ ಹದಿನಾರು ಮನೆಯಲ್ಲಿದ್ದಾರೆ, ಅಕ್ಕನೂ ಅದರಲ್ಲಿ ಒಬ್ಬರು. ಅವರಿಗೆ ಸುದ್ದಿ ಮುಟ್ಟಿಸಲಿಕ್ಕೆ ನೀವು ಏನು ಮಾಡಿದ್ದೀರಿ ಅಂತ ಹೇಳಿ.